ಕತೆಯಲ್ಲಿದ್ದಾಳೆ, ಓದುಗರ ಸಾಲಿನಲ್ಲಿಲ್ಲ

ಏಳನೇ ತರಗತಿ ದಾಟಿದ ಹುಡುಗನಿಗೋ ಹುಡುಗಿಗೋ ಕನ್ನಡದಲ್ಲಿ ಏನು ಓದಲು ಕೊಡೋಣ ಎಂದು ಯಾರಾದರೂ ಕೇಳಿದರೆ ನಾವು ತಡವರಿಸುತ್ತೇವೆ. ಚಿಕ್ಕವರಿಗಾದರೆ ಚಿತ್ರದ ಪುಸ್ತಕಗಳಿವೆ, ಶಿಶುಗೀತೆಗಳಿವೆ, ತೆನಾಲಿ ರಾಮ, ಅಕ್ಬರ್-ಬೀರಬಲ್ಲರಿದ್ದಾರೆ. ದೊಡ್ಡವರಿಗೆ ಕುವೆಂಪು, ಕಾರಂತರಿಂದ ಇಂದಿನವರ ತನಕ ಉದ್ದನೆಯ ಸಾಲೇ ಇದೆ. ನಡುವೆ ಐದಾರು ವರ್ಷಗಳಿವೆ. ಮೀಸೆ ಚಿಗುರುವ, ದನಿ ಒಡೆಯುವ, ಮನೆಯವರ ಪ್ರತಿ ಮಾತಿಗೂ ಎದುರಾಡಬೇಕೆನಿಸುವ, ಕಾರಣವಿಲ್ಲದೆ ಅಳು ಬರುವ ವರ್ಷಗಳವು. ಅಲ್ಲಿಗೆ ಬಂದಾಗ ನಮ್ಮ ಕಪಾಟು ತೆಳ್ಳಗಾಗುತ್ತದೆ.

ತೆಳ್ಳಗಾಗುತ್ತದೆ ಎಂದೆವು, ಬರಿದಾಗಿದೆ ಎನ್ನಲಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡದಿಂದ ಮೊದಲು ಆಯ್ಕೆಯಾದದ್ದು ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'. ಮರುವರ್ಷ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು'. ಮೊದಲ ಎರಡೂ ಪುರಸ್ಕಾರಗಳು ಒಬ್ಬ ಮುಸ್ಲಿಂ ಮತ್ತು ಒಬ್ಬ ಕ್ರೈಸ್ತ ಲೇಖಕರಿಗೆ ಬಂದವೆಂಬುದನ್ನು ಕನ್ನಡದ ವಿಮರ್ಶೆ ಅಷ್ಟಾಗಿ ಗಮನಿಸಿದಂತಿಲ್ಲ. ಈಚೆಗೆ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಇದೇ ಪುರಸ್ಕಾರ ಪಡೆದಿವೆ. ಇನ್ನು, ಯಾರೂ ಹರೆಯದವರಿಗೆಂದು ಹಣೆಪಟ್ಟಿ ಹಚ್ಚದಿದ್ದರೂ ಕನ್ನಡದ ಹೈಸ್ಕೂಲು ಮಕ್ಕಳು ತಾವಾಗಿಯೇ ಕಂಡುಕೊಂಡ ಲೇಖಕರೆಂದರೆ ತೇಜಸ್ವಿ. 'ಕರ್ವಾಲೊ'ದಲ್ಲಿ ನಿರೂಪಕನ ಆಳು ಪ್ಯಾರನಿದ್ದಾನಲ್ಲ, ಅವನು ಯಾವ ಸಂದೇಶವನ್ನೂ ಹೊತ್ತು ಬಂದವನಲ್ಲ. ತನ್ನ ಪಾಡಿಗೆ ಇದ್ದಾನೆ. ಮುಸ್ಲಿಂ ಹುಡುಗನೊಬ್ಬ ಆ ಪುಸ್ತಕ ಓದುವಾಗ ಪ್ಯಾರನನ್ನು ಕಂಡು ನಕ್ಕರೆ ಆ ನಗುವಿನಲ್ಲಿ ಮುಜುಗರವಿರುವುದಿಲ್ಲ.

ಆದರೆ ಪ್ಯಾರನಂಥವರು ಅಪರೂಪ. ನಮ್ಮ ಪಠ್ಯಗಳಲ್ಲೂ ಮಕ್ಕಳ ಕತೆಗಳಲ್ಲೂ ಹೆಚ್ಚಾಗಿ ಸಿಗುವವನು ಬೇರೊಬ್ಬ. ಈದ್ ದಿನ ಶೀರ್‌ಖುರ್ಮಾದ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುವ ಸಲೀಮ. ಅವನು ಬಲು ಒಳ್ಳೆಯವನು. ಗೆಳೆಯನಿಗೆ ರಕ್ತ ಕೊಡುತ್ತಾನೆ, ಹೊಳೆಯಲ್ಲಿ ಮುಳುಗುವವರನ್ನು ಎತ್ತುತ್ತಾನೆ. ಕತೆ ಮುಗಿದ ಮೇಲೆ ಪಕ್ಕದ ಮನೆಯ ಯಜಮಾನರ ಮನಸ್ಸು ಬದಲಾಗುತ್ತದೆ. ಸಲೀಮನಿಗೆ ಗಣಿತ ಕಷ್ಟವೇ, ಅಣ್ಣನ ಮೊಬೈಲ್ ಕದ್ದು ನೋಡುತ್ತಾನೆಯೇ, ಟ್ಯೂಷನ್ನಿಗೆಂದು ಕೊಟ್ಟ ದುಡ್ಡಿನಲ್ಲಿ ಕ್ರಿಕೆಟ್ ಚೆಂಡು ಕೊಂಡನೇ, ಇದೊಂದೂ ನಮಗೆ ತಿಳಿಯುವುದಿಲ್ಲ. ಇನ್ನೊಬ್ಬರ ಮನಸ್ಸು ತಿದ್ದಲೆಂದೇ ಅವನು ಹುಟ್ಟಿದ್ದಾನೆ. ಇಂಥ ಕತೆ ಬರೆದವರ ಸದುದ್ದೇಶವನ್ನು ನಾವು ಅನುಮಾನಿಸುವುದಿಲ್ಲ. ಆದರೆ ನಿಜವಾದ ಸಲೀಮ ಈ ಕತೆ ಓದಿದರೆ ಅವನಿಗೆ ಅಲ್ಲಿ ಕಾಣುವುದು ತಾನಲ್ಲ, ತನ್ನ ಮೇಲೆ ಹೊರಿಸಿದ ಕೆಲಸ.

ಮುಸ್ಲಿಂ ಲೇಖಕರು ಈ ಕೊರತೆಯನ್ನು ತುಂಬಿದರೇ ಎಂದು ಕೇಳಿದರೆ ಒಂದು ವಿಚಿತ್ರ ಎದುರಾಗುತ್ತದೆ. ಕನ್ನಡದ ಮುಸ್ಲಿಂ ಕಥನದ ತುಂಬ ಹರೆಯದವರೇ ಇದ್ದಾರೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ಎಳೆಯ ವಯಸ್ಸಿನಲ್ಲೇ ಮದುವೆ, ಮಗು, ತಲಾಖ್ ಎಲ್ಲವನ್ನೂ ಕಂಡವಳು. ಬಾನು ಮುಷ್ತಾಕ್ ಅವರ 'ಕೆಂಪು ಲುಂಗಿ' ಕತೆಯ ಕೇಂದ್ರದಲ್ಲಿರುವುದು ಮುಂಜಿಗೆ ಸಾಲಾಗಿ ನಿಂತ ಹುಡುಗರು. 2025ರಲ್ಲಿ ದೀಪಾ ಭಾಸ್ತಿ ಅನುವಾದದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಮೇಲೆ ಆ ಹುಡುಗರನ್ನು ಜಗತ್ತೇ ಓದಿತು. ಬೊಳುವಾರರ ಮುತ್ತುಪ್ಪಾಡಿಯಲ್ಲೂ ಎಷ್ಟೊಂದು ಮಕ್ಕಳು! ಆದರೆ ಇವೆಲ್ಲ ದೊಡ್ಡವರು ದೊಡ್ಡವರೊಡನೆ ಆಡಿದ ಮಾತು. ಬೊಳುವಾರರೇ ಮಕ್ಕಳಿಗೆಂದು ಬರೆಯಲು ಕುಳಿತಾಗ ಗಾಂಧಿಯನ್ನು ಕೊಟ್ಟರು, ಮುತ್ತುಪ್ಪಾಡಿಯನ್ನು ದೊಡ್ಡವರಿಗೆ ಉಳಿಸಿಕೊಂಡರು. ಗಾಂಧಿಯನ್ನು ಕೊಟ್ಟದ್ದು ಒಳ್ಳೆಯದೇ ಆಯಿತು. ಆದರೂ ನಮ್ಮ ಸಾಹಿತ್ಯದಲ್ಲಿ ಹದಿನಾಲ್ಕು ವರ್ಷದ ಹುಡುಗಿ ಪಾತ್ರವಾಗಿ ಬಹಳ ಕಷ್ಟಪಟ್ಟಿದ್ದಾಳೆ. ಓದುಗರ ಸಾಲಿನಲ್ಲಿ ಅವಳಿಗೆ ಜಾಗ ಸಿಕ್ಕಿಲ್ಲ. ಅವಳ ನೋವನ್ನು ಅವಳ ತಾಯಿ ವಯಸ್ಸಿನವರು ಓದಿ ಕಣ್ಣೊರೆಸಿಕೊಂಡರು.

ಅಮೆರಿಕದ ಕಪ್ಪು ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಪುಸ್ತಕಗಳನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದರು. ತನ್ನನ್ನು ಕಾಣಲು ಕನ್ನಡಿ, ಇನ್ನೊಬ್ಬರನ್ನು ಕಾಣಲು ಕಿಟಕಿ, ಎರಡೂ ಎಲ್ಲ ಮಕ್ಕಳಿಗೆ ಬೇಕು ಎಂದರು. ಈ ಮಾತು ಈಗ ಸವೆಯುವಷ್ಟು ಬಳಕೆಯಾಗಿದೆ. ಅದರ ಎರಡನೇ ಅರ್ಧ ಮಾತ್ರ ಇನ್ನೂ ಯಾರಿಗೂ ರುಚಿಸಿದಂತಿಲ್ಲ. ಕನ್ನಡಿಯನ್ನಷ್ಟೇ ಪಡೆದ ಬಹುಸಂಖ್ಯಾತರ ಮಗುವಿಗೂ ನಷ್ಟವಿದೆ ಎಂಬುದು ಆ ಅರ್ಧ.

ನಮ್ಮ ನೆರೆಯಲ್ಲೇ ಇದನ್ನು ಮಾಡಿ ತೋರಿಸಿದವರಿದ್ದಾರೆ. ಹೈದರಾಬಾದಿನ ಅನ್ವೇಷಿ ಮಹಿಳಾ ಅಧ್ಯಯನ ಕೇಂದ್ರ 2008ರಲ್ಲಿ 'ಡಿಫರೆಂಟ್ ಟೇಲ್ಸ್' ಎಂಬ ಮಾಲೆಯನ್ನು ತೆಲುಗು, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ತಂದಿತು. (ತೆಲುಗಿಗೂ ಮಲಯಾಳಕ್ಕೂ ನಡುವೆ ಭೂಪಟದಲ್ಲಿ ಯಾವ ನಾಡಿದೆ ಎಂದು ನೋಡಿಕೊಳ್ಳಬಹುದು.) ಮಕ್ಕಳ ಪುಸ್ತಕಗಳಲ್ಲಿ ಬಾಲ್ಯವೆಂದರೆ ಸದಾ ಅನುಕೂಲಸ್ಥರ ಮನೆಯ ಬಾಲ್ಯವೇ ಏಕೆ ಎಂಬ ಪ್ರಶ್ನೆಯಿಂದ ಹೊರಟ ಮಾಲೆ ಅದು. ಗೋಗು ಶ್ಯಾಮಲಾ, ಜೂಪಾಕ ಸುಭದ್ರಾ, ಮಹಮ್ಮದ್ ಖದೀರ್ ಬಾಬು ಮುಂತಾದವರು ಅದರಲ್ಲಿ ಬರೆದರು. ಶ್ಯಾಮಲಾ ಅವರ ಬಡೆಯ್ಯ ತಾಯಿಗೆ ಚಪ್ಪಲಿ ಮಾಡುವ ಹುಡುಗ. ಚರ್ಮದ ಕೆಲಸ ಅಲ್ಲಿ ಮರುಕದ ವಸ್ತುವಲ್ಲ, ಕೈಚಳಕ.

ಖದೀರ್ ಬಾಬು ಅವರ 'ಹೆಡ್ ಕರಿ' ನಮಗೆ ಬಹಳ ಪ್ರಿಯವಾದದ್ದು. ಒಂದು ಮುಸ್ಲಿಂ ಮನೆಯಲ್ಲಿ ತಲೆಮಾಂಸದ ಸಾರು ತಯಾರಾಗುತ್ತದೆ; ಕತೆಯೆಂದರೆ ಅಷ್ಟೇ. ನಮ್ಮ ಮನೆಗಳಲ್ಲಿ ಸಿರಿ-ಪಾಯ ಮಾಡುವ ದಿನದ ಗಡಿಬಿಡಿ ಗೊತ್ತಿದ್ದವರಿಗೆ ಆ ಸಂಭ್ರಮವನ್ನು ವಿವರಿಸಬೇಕಿಲ್ಲ: ಬೆಂಕಿಯಲ್ಲಿ ಕೂದಲು ಸುಟ್ಟ ವಾಸನೆ, ಚಾಕುವಿನಿಂದ ಕೆರೆಯುವ ಸದ್ದು, ಭೇಜಾ ಯಾರ ತಟ್ಟೆಗೆ ಎಂಬ ಜಗಳ. ಗೊತ್ತಿಲ್ಲದವರಿಗೂ ಈ ಕತೆ ಏನನ್ನೂ ಸಮರ್ಥಿಸಿಕೊಳ್ಳಲು ಹೋಗುವುದಿಲ್ಲ. ಊಟದ ಡಬ್ಬಿ ತೆರೆಯುವ ಮೊದಲು ಅಕ್ಕಪಕ್ಕ ನೋಡುವ ಮಗು ನಮ್ಮ ಶಾಲೆಗಳಲ್ಲಿದೆ. ಆ ಮಗುವಿಗೆ ಸೌಹಾರ್ದದ ನೂರು ಪಾಠಗಳಿಗಿಂತ, ತನ್ನ ಮನೆಯ ಅಡುಗೆ ಅಚ್ಚಾಗಿ, ಚಿತ್ರವಾಗಿ, ಬಾಯಲ್ಲಿ ನೀರೂರುವಂತೆ ಪುಟದ ಮೇಲೆ ಬಂದದ್ದು ಹೆಚ್ಚು ಧೈರ್ಯ ಕೊಟ್ಟೀತು.

ಇಷ್ಟೆಲ್ಲ ಹೇಳುವಾಗ ನಮ್ಮ ಸಮುದಾಯದ ಒಳಗಿನ ಮಾತನ್ನೂ ಆಡಬೇಕು. ನಮ್ಮ ಪುಸ್ತಕ ಮಳಿಗೆಗಳಲ್ಲಿ ಹರೆಯದವರಿಗೆಂದು ಇಟ್ಟಿರುವುದರಲ್ಲಿ ಹೆಚ್ಚಿನವು ಉಪದೇಶ. ಹೀಗೆ ಕುಳಿತುಕೋ, ಹೀಗೆ ಉಣ್ಣು, ಇಂಥವರ ಸಂಗ ಬಿಡು. ಧರ್ಮಶಿಕ್ಷಣಕ್ಕೆ ಅದರದೇ ಸ್ಥಾನವಿದೆ, ತಕರಾರಿಲ್ಲ. ಆದರೆ ಅದನ್ನೇ ಕತೆ ಎಂದು ಕರೆದರೆ ಮಗು ಎರಡನ್ನೂ ಬಿಡುತ್ತದೆ. ನಮ್ಮ ಹಿರಿಯರು ಹೀಗಿರಲಿಲ್ಲ. ಉರ್ದು ಶಾಲೆಯಲ್ಲಿ ಕಲಿತವರಿಗೆ ಝಾಕಿರ್ ಹುಸೇನರ 'ಅಬ್ಬು ಖಾನ್ ಕೀ ಬಕ್ರಿ' ನೆನಪಿರಬಹುದು. ಮುಂದೆ ರಾಷ್ಟ್ರಪತಿಯಾದವರು ಮಕ್ಕಳಿಗಾಗಿ ಬರೆದ ಕತೆ. ಚಾಂದ್ನಿ ಎಂಬ ಆಡು ಹಟ್ಟಿಯ ಸುಖ ಬಿಟ್ಟು ಬೆಟ್ಟಕ್ಕೆ ಓಡುತ್ತದೆ, ರಾತ್ರಿಯಿಡೀ ತೋಳದೊಡನೆ ಕಾದಾಡಿ ಬೆಳಗಿಗೆ ಸಾಯುತ್ತದೆ. ಗೆದ್ದವರು ಯಾರೆಂದು ಹಕ್ಕಿಗಳು ಚರ್ಚಿಸುತ್ತವೆ, ತೋಳವೆಂದು ಎಲ್ಲವೂ ಹೇಳಿದರೆ ಮುದಿ ಹಕ್ಕಿಯೊಂದು ಮಾತ್ರ ಚಾಂದ್ನಿಯೆನ್ನುತ್ತದೆ. ಮನೆಯ ಮಾತು ಕೇಳದವಳು ಸತ್ತಳು ಎಂದು ನೀತಿ ಹೇಳಲು ಎಷ್ಟು ಸುಲಭವಿತ್ತು! ಝಾಕಿರ್ ಸಾಹೇಬರು ಹಾಗೆ ಮಾಡಲಿಲ್ಲ. ಇಂದು ಯಾರಾದರೂ ಇಂಥ ಕತೆ ಬರೆದು ತಂದರೆ ನಮ್ಮ ಪ್ರಕಾಶಕರು ಅಚ್ಚು ಹಾಕುತ್ತಾರೆಯೇ? ಆಡಿನ ಬದಲು ಹುಡುಗಿಯಿದ್ದರಂತೂ ಇಲ್ಲವೆಂದೇ ನಮ್ಮ ಊಹೆ.

ಹುಡುಗಿಯಿರುವ ಪುಸ್ತಕವೊಂದು ದೂರದ ಮೆಲ್ಬರ್ನ್‌ನಿಂದ ಬಂದಿದೆ. ರಂದಾ ಅಬ್ದೆಲ್-ಫತ್ತಾಹ್ ಅವರ 'ಡಸ್ ಮೈ ಹೆಡ್ ಲುಕ್ ಬಿಗ್ ಇನ್ ದಿಸ್?' 2005ರದು. ಆಸ್ಟ್ರೇಲಿಯಾದಲ್ಲೇ ಹುಟ್ಟಿದ ಪ್ಯಾಲೆಸ್ತೀನಿ ಮೂಲದ ಹದಿನಾರರ ಅಮಲ್ ಒಂದು ದಿನ ತಾನೇ ನಿರ್ಧರಿಸಿ ಹಿಜಾಬ್ ತೊಡುತ್ತಾಳೆ. ಮನೆಯವರೇ ಇನ್ನೊಮ್ಮೆ ಯೋಚಿಸು ಎನ್ನುತ್ತಾರೆ. ಶಾಲೆಯ ಮುಖ್ಯಸ್ಥೆ ಗಾಬರಿಯಾಗಿ, ಮಾತುಕತೆಯಾಗಿ, ಕೊನೆಗೆ ಒಪ್ಪುತ್ತಾರೆ. ಇದರ ಜತೆಗೇ ಅವಳಿಗೆ ಮೊಡವೆಯ ಚಿಂತೆ, ಒಬ್ಬ ಹುಡುಗನ ಮೇಲೆ ಮನಸ್ಸು, ನಾಲಿಗೆಯೂ ಚುರುಕು. ಮದುವೆಗೆ ತಾಯಿಯ ಒತ್ತಾಯ ಎದುರಿಸುವ ಅವಳ ಗೆಳತಿ ಲೈಲಾಳೂ ಇದ್ದಾಳೆ. ಲೇಖಕಿ ತಮ್ಮವರ ತಪ್ಪನ್ನು ಮುಚ್ಚಿಡುವುದಿಲ್ಲ. ಕಾದಂಬರಿಯಾಗಿ ಇದರಲ್ಲಿ ದೋಷಗಳಿವೆ. ಒಬ್ಬೊಬ್ಬ ಗೆಳತಿಗೆ ಒಂದೊಂದು ಸಮಸ್ಯೆ ಹಂಚಿಕೊಟ್ಟಂತಿದೆ, ಅಮಲ್ ಕೆಲವೆಡೆ ಲೇಖಕಿಯ ಪರವಾಗಿ ಭಾಷಣ ಮಾಡುತ್ತಾಳೆ. ಅನುಕೂಲಸ್ಥ ತಂದೆತಾಯಿ, ಖಾಸಗಿ ಶಾಲೆ ಇರುವ ಕಾರಣ ಅವಳ ದಾರಿ ಸಲೀಸಾಗಿದೆ.

ಆದರೂ ಕರ್ನಾಟಕದಲ್ಲಿ ಕೂತು ಈ ಪುಸ್ತಕವನ್ನು ಈಗ ನಿರ್ಲಿಪ್ತರಾಗಿ ಓದಲಾಗುವುದಿಲ್ಲ. 2022ರ ಆರಂಭದಲ್ಲಿ ಉಡುಪಿಯ ಕಾಲೇಜಿನ ಗೇಟಿನ ಹೊರಗೆ ನಿಂತ ಹುಡುಗಿಯರು ಅಮಲ್‌ಳ ವಯಸ್ಸಿನವರೇ. ಫೆಬ್ರವರಿಯ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪು, ಎಲ್ಲ ದಾಖಲಾಗಿದೆ. ಟಿವಿ ಚರ್ಚೆಗಳಲ್ಲಿ ಅವರ ಪರವಾಗಿಯೂ ವಿರುದ್ಧವಾಗಿಯೂ ಮಾತಾಡಿದವರೆಲ್ಲ ದೊಡ್ಡವರು. ಆ ತರಗತಿಯ ಒಳಗೇ ಉಳಿದ ಗೆಳತಿಗೆ ಆ ದಿನ ಪಾಠ ತಲೆಗೆ ಹತ್ತಿತೇ? ಗೇಟಿನ ಹೊರಗಿದ್ದವಳಿಗೆ ನೋಟ್ಸ್ ಕೊಟ್ಟವರು ಯಾರು? ತೆಗೆದಿಟ್ಟು ಒಳಗೆ ಹೋದವಳು ಸಂಜೆ ಮನೆಯಲ್ಲಿ ಏನೆಂದಳು? ವರದಿಗೂ ತೀರ್ಪಿಗೂ ಇವು ಬೇಕಾಗಿಲ್ಲ, ಕಾದಂಬರಿಗೆ ಬೇಕು. ಅದನ್ನು ಬರೆಯುವವರು ಮೂವರಿಗೂ ನ್ಯಾಯ ಸಲ್ಲಿಸಬೇಕು. ಒಬ್ಬಳನ್ನು ಧೀರೆಯಾಗಿಯೂ ಉಳಿದಿಬ್ಬರನ್ನು ಹೇಡಿಗಳಾಗಿಯೂ ಮಾಡಿದರೆ ಅದು ಇನ್ನೊಂದು ಟಿವಿ ಚರ್ಚೆಯಾಗುತ್ತದೆ.

ಕೊನೆಯಲ್ಲಿ ಬೆಂಗಳೂರಿನದೇ ಒಂದು ಪುಸ್ತಕ. ಝೈನಬ್ ಸುಲೈಮಾನ್ ಅವರ 'ಸಿಂಪ್ಲಿ ನಂಜು' 2016ರಲ್ಲಿ ಇಂಗ್ಲಿಷಿನಲ್ಲಿ ಬಂತು. ಲೇಖಕಿ ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವ ಶಿಕ್ಷಕಿ. ಕತೆ ನಡೆಯುವುದು ಅಂಥ ಮಕ್ಕಳ ಶಾಲೆಯಲ್ಲಿ. ನಂಜುವಿನ ಬೆನ್ನುಮೂಳೆ ಹುಟ್ಟಿನಿಂದಲೇ ಸರಿಯಿಲ್ಲ. ನಡಿಗೆ ಓರೆ, ಶೌಚಕ್ಕೆ ಹೋಗಬೇಕೆಂಬುದು ಸರಿಯಾಗಿ ತಿಳಿಯದು. ಆದರೆ ಅವನ ತಲೆನೋವು ಅದಲ್ಲ. ತರಗತಿಯ ಜಾಣರ ಪುಸ್ತಕಗಳು ಕಳುವಾಗುತ್ತಿವೆ, ಎಲ್ಲರ ಬೆರಳೂ ಇವನತ್ತ ತೋರುತ್ತಿದೆ, ಅಪ್ಪ ಹಾಸ್ಟೆಲಿಗೆ ಅಟ್ಟುವ ಬೆದರಿಕೆ ಹಾಕಿದ್ದಾನೆ. ಗೆಳೆಯ ಮಹೇಶನೊಡನೆ ಸೇರಿ ಕಳ್ಳನನ್ನು ಹಿಡಿಯಬೇಕು. ಯಾರೆಂದು ನಾವು ಹೇಳುವುದಿಲ್ಲ.

ಈ ಪುಸ್ತಕದ ಗೆಲುವು ಎಲ್ಲಿದೆ? ಅಂಗವಿಕಲ ಮಗುವನ್ನು ಸ್ಫೂರ್ತಿಯ ಬೊಂಬೆಯಾಗಿಸುವ ಚಟ ಇಲ್ಲಿಲ್ಲ. ಈ ಮಕ್ಕಳು ಒಬ್ಬರನ್ನೊಬ್ಬರು ಚುಡಾಯಿಸುತ್ತಾರೆ, ಹೊಟ್ಟೆಕಿಚ್ಚು ಪಡುತ್ತಾರೆ, ಅಲ್ಲಿಯೂ ಒಬ್ಬ ರೌಡಿ ಹುಡುಗನಿದ್ದಾನೆ. ಶೌಚದ ಮುಜುಗರವನ್ನು ಮುಚ್ಚುಮರೆಯಿಲ್ಲದೆ, ಆದರೆ ಅಸಹ್ಯವೂ ಆಗದಂತೆ ಬರೆಯುವುದು ಸುಲಭವಲ್ಲ. ದಿನವೂ ಈ ಮಕ್ಕಳ ಜತೆಯಲ್ಲಿದ್ದವರಿಗಷ್ಟೇ ಅದು ಸಾಧ್ಯ. ಇನ್ನೊಂದು ಮಾತು. ಮುಸ್ಲಿಂ ಲೇಖಕಿ ಮುಸ್ಲಿಮರ ಬಗ್ಗೆಯೇ ಬರೆಯಬೇಕೆಂಬ ನಿರೀಕ್ಷೆ ನಮ್ಮವರಲ್ಲೂ ಇದೆ, ಹೊರಗಿನವರಲ್ಲೂ ಇದೆ. ಝೈನಬ್ ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ತಮಗೆ ಚೆನ್ನಾಗಿ ಗೊತ್ತಿರುವ ನಂಜುವನ್ನು ಬರೆದಿದ್ದಾರೆ. ಬಹುತ್ವವೆಂದರೆ ಪ್ರತಿ ಜಾತಿಯ ಲೇಖಕನಿಗೂ ಅವನವನ ಜಾತಿಯ ಕೋಣೆಯ ಬೀಗದ ಕೈ ಕೊಟ್ಟು ಕೂರಿಸುವುದಲ್ಲ.

ನಮಗಿರುವ ಬೇಸರ ಭಾಷೆಯದು. ನಂಜನಗೂಡಿನ ನೆನಪು ತರುವ ಹೆಸರಿನ ಹುಡುಗ ಇಂಗ್ಲಿಷಿನಲ್ಲಿ ಹುಟ್ಟಿದ. ಅವನಂಥವರ ಮನೆಗಳಿಗೆ ಇಂಗ್ಲಿಷ್ ಕಾದಂಬರಿ ತಲುಪುವುದು ಕಡಿಮೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಬಾಗಿಲು ತೆರೆದಿದೆ, ಮಕ್ಕಳು ಬಂದಿದ್ದಾರೆ. ನಾವು ಕಂಡ ಕಪಾಟುಗಳಲ್ಲಿ ಅವರಿಗೆ ಸಿಗುವುದು ಒಂದು ಕಡೆ ಪುಟ್ಟ ಮಕ್ಕಳ ಚಿತ್ರಪುಸ್ತಕ, ಇನ್ನೊಂದು ಕಡೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ನಂಜು, ಬಡೆಯ್ಯ, ತಲೆಮಾಂಸದ ಮನೆ ಈ ಎರಡರ ನಡುವೆ ಬಂದು ಕೂರಬೇಕು. ಅನುವಾದಕ್ಕೆ ಕೈಹಚ್ಚುವವರು ಗ್ರಾಂಥಿಕ ಕನ್ನಡವನ್ನು ಹೊರಗಿಟ್ಟು ಬರಲಿ. ಶಾಲೆ ಬಿಡುವ ಹೊತ್ತಿಗೆ ಯಾವುದಾದರೂ ಗೇಟಿನ ಬಳಿ ಅರ್ಧ ಗಂಟೆ ನಿಂತರೆ ನಂಜು ಯಾವ ಕನ್ನಡದಲ್ಲಿ ಬೈಯುತ್ತಾನೆಂದು ಗೊತ್ತಾಗುತ್ತದೆ.