ಬೀದಿಯ ಛಾಯಾಚಿತ್ರ, ಕುಂಚದ ಬಳಿತ

ಲಗ್ನಪತ್ರಿಕೆಯನ್ನೋ ಜಾತ್ರೆಯ ಬಟ್ಟೆಫಲಕವನ್ನೋ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಅಚ್ಚು ಹಾಕಿಸಿದ ವಾಚಕರಿಗೆ ಆ ಕೆಲಸದ ರೀತಿ ಹೊಸದಲ್ಲ. ಚೌಕಟ್ಟಿಗೆ ಬಿಗಿದ ಜಾಲರಿಬಟ್ಟೆಗೆ ಬೆಳಕಿನಿಂದ ಗಟ್ಟಿಯಾಗುವ ಲೇಪವನ್ನು ಬಳಿದು, ಚಿತ್ರದ ಪಾರದರ್ಶಕ ಪ್ರತಿಯನ್ನಿಟ್ಟು ಬೆಳಕು ಹಾಯಿಸುವರು. ಬೆಳಕು ತಾಗದ ಕಡೆಯ ಲೇಪವು ನೀರಿನಲ್ಲಿ ತೊಳೆದುಹೋಗುವುದು. ಆ ತೆರವಿನ ಮೂಲಕ ರಬ್ಬರಿನ ಪಟ್ಟಿಯಿಂದ ಶಾಯಿಯನ್ನೊತ್ತಿದರೆ ಚಿತ್ರ ಮೂಡುವುದು. ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರಬೇಕು. ಅದೇ ಆ ಅಂಗಡಿಯ ಹೆಮ್ಮೆ.

ಈ ಹೆಮ್ಮೆಯನ್ನು ಬೇಕೆಂದೇ ಬಿಟ್ಟುಕೊಟ್ಟವರು ಅಮೆರಿಕದ ಕಲಾವಿದ ರಾಬರ್ಟ್ ರೌಷೆನ್‌ಬರ್ಗ್ (1925–2008). 1963ರಲ್ಲಿ ಅವರು ರಚಿಸಿದ 'ಎಸ್ಟೇಟ್' ಎಂಬ ಕೃತಿಯು ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದಲ್ಲಿದೆ. ಹೆಸರನ್ನು ಕೇಳಿದೊಡನೆ ನಮಗೆ ಕಾಫಿ ತೋಟವು ನೆನಪಾದೀತು; ಇಲ್ಲಿ ಆಸ್ತಿ, ಹಿಂದಿನವರಿಂದ ಬಂದ ಸ್ವತ್ತು ಎಂಬರ್ಥವನ್ನು ಹಿಡಿಯುವುದು ಲೇಸು. ಸುಮಾರು 8 ಅಡಿ ಎತ್ತರದ ಕ್ಯಾನ್ವಾಸಿನ ಮೇಲೆ ನ್ಯೂಯಾರ್ಕಿನ ಬೀದಿಯ ಫಲಕಗಳು, ಸ್ವಾತಂತ್ರ್ಯದೇವಿಯ ಪ್ರತಿಮೆ, ಆಕಾಶಕ್ಕೇರುವ ರಾಕೆಟ್ಟು, ಮೈಕೆಲೆಂಜೆಲೊನ 'ಅಂತಿಮ ತೀರ್ಪು' ಇವೆಲ್ಲವೂ ಛಾಯಾಚಿತ್ರಗಳಾಗಿ ಅಚ್ಚಾಗಿವೆ. ಅವುಗಳ ನಡುವೆಯೂ ಮೇಲೆಯೂ ಯಾವ ವಸ್ತುವನ್ನೂ ಹೋಲದ ತೈಲವರ್ಣದ ಬಳಿತಗಳಿವೆ.

ಯಂತ್ರವು ತೆಗೆದ ಚಿತ್ರವನ್ನು ಜಾಲರಿಯಿಂದ ಒತ್ತಿದ ಮೇಲೆ ಕಲಾವಿದನ ಕೈಗೆ ಉಳಿದ ಕೆಲಸವೇನು? ಈ ಪ್ರಶ್ನೆಯನ್ನು ಸಹೃದಯರು ಕೇಳಲೇಬೇಕು. ಇದಕ್ಕೆ ಉತ್ತರವಿಲ್ಲದಿದ್ದರೆ ಇಡೀ ಕೃತಿಯೇ ಬರಿಯ ಕತ್ತರಿ-ಅಂಟಿನ ಆಟವಾದೀತು. ಉತ್ತರವಿರುವುದು ಚಿತ್ರಗಳಲ್ಲಲ್ಲ, ಅವು ಒಂದಕ್ಕೊಂದು ತಾಗುವ ಅಂಚುಗಳಲ್ಲಿ. ಅಂಗಡಿಯವನು ದೋಷವೆಂದು ಎಸೆಯುವ ಮುದ್ರೆಯನ್ನು ರೌಷೆನ್‌ಬರ್ಗ್ ಉಳಿಸಿಕೊಳ್ಳುವರು: ಬಣ್ಣವು ಬಣ್ಣದ ಮೇಲೆ ಸರಿಯಾಗಿ ಕೂರುವುದಿಲ್ಲ, ಒಂದು ಚಿತ್ರದ ಅಂಚು ಇನ್ನೊಂದರ ಮೇಲೇರುವುದು. ಅಂಥ ಕಡೆ ಕುಂಚವು ಬಂದು ಒಂದನ್ನು ಮುಚ್ಚುವುದು, ಇನ್ನೊಂದನ್ನು ಮುಂದಕ್ಕೆ ತಳ್ಳುವುದು. ಪೇಟೆಯ ಬೀದಿಯಲ್ಲಿ ನಡೆಯುವವನ ಕಣ್ಣು ಕಾಣುವುದೂ ಹೀಗೆಯೇ ಅಲ್ಲವೇ? ಫಲಕವೊಂದನ್ನು ಅರ್ಧ ಓದುವಷ್ಟರಲ್ಲಿ ಗಾಡಿಯೊಂದು ಅಡ್ಡಬರುತ್ತದೆ. ಆದುದರಿಂದ ಇದರಲ್ಲಿ ಕಥೆಯನ್ನು ಹುಡುಕಬೇಡಿರಿ. ಒಗಟೆಂದು ಬಿಡಿಸಲೂ ಹೋಗಬೇಡಿರಿ.

ಆದರೆ ಮೈಕೆಲೆಂಜೆಲೊನ ಚಿತ್ರದ ವಿಷಯದಲ್ಲಿ ನನ್ನ ಮನಸ್ಸು ಒಪ್ಪದು. ಬೀದಿಯ ಫಲಕಕ್ಕೂ ಮಹಾಕೃತಿಗೂ ಒಂದೇ ಮಣೆ ಹಾಕಿದ್ದಾರೆಂದು ಮೆಚ್ಚುವವರುಂಟು. ಫಲಕವು ಮುದ್ರೆಯಾದಾಗ ಏನನ್ನೂ ಕಳೆದುಕೊಳ್ಳುವುದಿಲ್ಲ, ಕಾಣಲೆಂದೇ ಹುಟ್ಟಿದ ವಸ್ತುವದು. ಗೋಡೆಯನ್ನು ತುಂಬಿದ ಆ ತೀರ್ಪಿನ ಚಿತ್ರವಾದರೋ ಇಲ್ಲಿ ಕಿರಿದಾದ ಮಸುಕಾಗಿ, ತನ್ನ ಹೆಸರಿನ ಬಲದಿಂದಲೇ ನಿಂತಿದೆ. ಅದು ಎರವಲು ಗಾಂಭೀರ್ಯ. ಕೃತಿಯ ನಿಜವಾದ ಸ್ವತ್ತು ಬೀದಿಯೇ.

ಈ ಬಗೆಯ ಚಿತ್ರಗಳನ್ನು ರೌಷೆನ್‌ಬರ್ಗ್ 1962ರಲ್ಲಿ ಆರಂಭಿಸಿದರು, ಮೊದಲಿನವು ಕಪ್ಪು-ಬಿಳುಪಿನವು. 1964ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಚಿತ್ರಕಲೆಯ ಮಹಾಬಹುಮಾನವು ಅವರಿಗೆ ದೊರೆಯಿತು. ಕೀರ್ತಿ ತಂದ ಮಾರ್ಗವನ್ನೇ ಹಿಡಿದು ಇನ್ನೂ ಹತ್ತಾರು ವರ್ಷ ಮುದ್ರಿಸಬಹುದಾಗಿತ್ತು. ಅವರಾದರೋ ನ್ಯೂಯಾರ್ಕಿನ ಗೆಳೆಯರೊಬ್ಬರಿಗೆ ಹೇಳಿಕಳುಹಿಸಿ, ಕಾರ್ಯಾಗಾರದಲ್ಲಿದ್ದ ಜಾಲರಿಗಳನ್ನು ನಾಶಮಾಡಿಸಿಬಿಟ್ಟರು.