ಕೊಪ್ಪೆಯಾಗುವ ಕಂಬಳಿ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ, ಕರಡಿಗಳು ಓಡಾಡುವ ಬಂಡೆಗುಡ್ಡಗಳ ಸೀಮೆ. ಬೆನ್ನಿಗೆ ಚೀಲ ಹೊತ್ತು ನಡೆಯುತ್ತಿದ್ದಾಗ ಮಳೆ ಹಿಡಿಯಿತು. ನನ್ನ ಪ್ಲಾಸ್ಟಿಕ್ ಮಳೆಯಂಗಿ ಒಳಗೇ ಬೆವೆತು ಒದ್ದೆಯಾಯಿತು. ಕುರಿ ಕಾಯುತ್ತಿದ್ದ ಅಜ್ಜ ಹೆಗಲ ಕಂಬಳಿಯ ಮೂಲೆಯೊಂದನ್ನು ಒಳಕ್ಕೆ ಮಡಚಿ ತಲೆಗೇರಿಸಿದರು. ಅಷ್ಟೇ, ಕೊಪ್ಪೆ! ಹನಿಗಳು ಉಣ್ಣೆಯ ಮೇಲೆ ಮಣಿಮಣಿಯಾಗಿ ನಿಂತು ಜಾರುತ್ತಿದ್ದವು.

ಡೆಕ್ಕನಿ ಕುರಿಯ ಒರಟು ಕರಿಯುಣ್ಣೆ, ಕೈಯಲ್ಲಿ ನೂತ ನೂಲು, ಹುಣಸೆಬೀಜದ ಗಂಜಿ ಕುಡಿದ ಹಾಸು, ಕುಣಿಮಗ್ಗದ ನೇಯ್ಗೆ. ಹೊಸದಿದ್ದಾಗ ಹಲಗೆಯಷ್ಟು ಬಿರುಸು, ಹೊದ್ದಷ್ಟೂ ಮೆದು. ಅದರ ಜಿಡ್ಡುವಾಸನೆಯೂ ನನಗೆ ಪ್ರಿಯವೇ. ಬಿಸಿಲಿಗೆ ನೆರಳು, ರಾತ್ರಿಗೆ ಹಾಸಿಗೆ, ಚಳಿಗೆ ಹೊದಿಕೆ ಎಲ್ಲವೂ ಅದೊಂದೇ. ಉಚ್ಚಂಗಿದುರ್ಗದ ಬೆಟ್ಟ ಹತ್ತುವಾಗಲೂ ಈಗ ನನ್ನ ಹೆಗಲಿಗೆ ಕಂಬಳಿ ಬೇಕೇಬೇಕು.

ಅಂದು ಮಳೆ ನಿಂತಿತು. ಅಜ್ಜ ಕಂಬಳಿಯನ್ನು ಎರಡು ಸಲ ಕೊಡವಿ, ಹೆಗಲಿಗೆ ಹಾಕಿಕೊಂಡು ಮಂದೆಯನ್ನು ಕೂಗಿದರು.