ಕೃತಿಕಾರನ ಪರಿಚಯ ಮತ್ತು ಭಾವಚಿತ್ರ: ಒಂದು ವಿಮರ್ಶೆ

ಬರೆಹವೊಂದನ್ನು ಅಚ್ಚಿಸುವಾಗ ಅದರೊಡನೆ ಬರೆದವನ ಭಾವಚಿತ್ರವನ್ನೂ ಜೀವನವೃತ್ತಾಂತವನ್ನೂ ಕೊಡುವ ಪದ್ಧತಿ ಈಗ ಸರ್ವಸಾಮಾನ್ಯವಾಗಿದೆ. ಗ್ರಂಥದ ಹಿಂಬದಿಯ ರಕ್ಷಾಪುಟದಲ್ಲಿ, ಪತ್ರಿಕೆಯ ಲೇಖನದ ಪಕ್ಕದಲ್ಲಿ, ಪಠ್ಯಪುಸ್ತಕದ ಪಾಠದ ಆದಿಯಲ್ಲಿ ಅಥವಾ ಅಂತ್ಯದಲ್ಲಿ ಇವೆರಡೂ ಇಲ್ಲದಿದ್ದರೆ ಏನೋ ಕೊರತೆಯೆಂದು ಓದುಗರು ಭಾವಿಸುವಷ್ಟರ ಮಟ್ಟಿಗೆ ಇದು ಬೇರೂರಿದೆ. ಇದರ ವಿಷಯದಲ್ಲಿ ಎರಡು ಅಭಿಪ್ರಾಯಗಳುಂಟು. ಮಾತಾಡುವವನ ಮುಖ ನೋಡದೆ ಮಾತನ್ನು ನಂಬುವುದು ಹೇಗೆ, ಬರೆದವನು ಯಾರೆಂದು ತಿಳಿದರೆ ಓದುಗನಿಗೆ ವಿಶ್ವಾಸ ಹುಟ್ಟುತ್ತದೆ ಎಂಬುದು ಒಂದು ಪಕ್ಷ. ಕೃತಿ ತಾನೇ ಮಾತಾಡಬೇಕು, ಕರ್ತೃವಿನ ಮುಖ ಅದಕ್ಕೆ ಅಡ್ಡ ನಿಲ್ಲುತ್ತದೆ ಎಂಬುದು ಇನ್ನೊಂದು. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದೆ. ಆದರೆ ಎರಡೂ ಪಕ್ಷದವರು ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದಾರೆ: ಪರಿಚಯ ಎಂಬುದು ಓದುಗನಿಗೆ ಏನನ್ನು ತಿಳಿಸತಕ್ಕದ್ದು?

ಇದು ಕೇವಲ ಮುದ್ರಣದ ಅಲಂಕಾರಕ್ಕೆ ಸಂಬಂಧಿಸಿದ ಪ್ರಶ್ನೆಯಲ್ಲ. ಕವಿತೆಯೊಂದರ ಸ್ವಾರಸ್ಯವನ್ನು ವಿವರಿಸಿ ಎಂದರೆ ಕವಿಯ ಜನ್ಮಸ್ಥಳ, ತಂದೆತಾಯಿಗಳ ಹೆಸರು, ಪಡೆದ ಪ್ರಶಸ್ತಿಗಳನ್ನು ಅರ್ಧ ಪುಟ ಬರೆದು, ಉಳಿದರ್ಧದಲ್ಲಿ ಪದ್ಯದ ಸಾರಾಂಶವನ್ನು ಒಪ್ಪಿಸುವ ಉತ್ತರಪತ್ರಿಕೆಗಳನ್ನು ಕಾಣದ ಅಧ್ಯಾಪಕರು ವಿರಳ. ವಿದ್ಯಾರ್ಥಿಯನ್ನು ಮಾತ್ರ ದೂರಿ ಫಲವಿಲ್ಲ. ಕವಿಪರಿಚಯವನ್ನು ಪಾಠದಿಂದ ಬೇರ್ಪಡಿಸಿ ಕಂಠಪಾಠದ ವಸ್ತುವನ್ನಾಗಿ ಮಾಡಿದವರು ನಾವೇ. ಆದುದರಿಂದ ಈ ಪ್ರಶ್ನೆಯನ್ನು ಮೂಲದಿಂದ ಪರಿಶೀಲಿಸುವುದು ಯುಕ್ತವೆಂದು ತೋರುತ್ತದೆ. ಇದಕ್ಕೆ ಬೇಕಾದ ಸಾಮಗ್ರಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳಲ್ಲಿ ಹೇರಳವಾಗಿ ದೊರೆಯುತ್ತದೆ.

1

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು. ಕ್ರಿ. ಪೂ. ಮೂರನೆಯ ಶತಮಾನದ ಈ ಪ್ರಾಕೃತ ಶಾಸನಗಳು ನಮ್ಮ ನಾಡಿನಲ್ಲಿ ದೊರೆತಿರುವ ಅತ್ಯಂತ ಪ್ರಾಚೀನ ಬರೆಹಗಳ ಸಾಲಿಗೆ ಸೇರಿದವು. ಚರಿತ್ರಕಾರರು ಇವನ್ನು ಮೌರ್ಯ ಸಾಮ್ರಾಜ್ಯದ ದಕ್ಷಿಣದ ಮೇರೆಗೆ ಸಾಕ್ಷಿಯಾಗಿ ಓದುತ್ತಾರೆ. ನಾವು ಇವನ್ನು ಬೇರೊಂದು ದೃಷ್ಟಿಯಿಂದ ಓದಬಹುದು: ಬರೆಹವೊಂದು ತನ್ನ ಕರ್ತೃವನ್ನು ಓದುಗನಿಗೆ ಪರಿಚಯಿಸುವ ಬಗೆ ಎಂತಹುದು?

ಬ್ರಹ್ಮಗಿರಿಯ ಶಾಸನ ನೇರವಾಗಿ ಉಪದೇಶಕ್ಕೆ ತೊಡಗುವುದಿಲ್ಲ. ಸುವರ್ಣಗಿರಿಯಿಂದ, ಆರ್ಯಪುತ್ರನ ಮತ್ತು ಮಹಾಮಾತ್ರರ ಮಾತಿನಂತೆ, ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಬಳಿಕ ದೇವಾನಾಂಪ್ರಿಯನ ಆಜ್ಞೆ ಇಂಥದು ಎಂದು ಹೇಳುತ್ತದೆ. ಈ ಪೀಠಿಕೆಯಲ್ಲಿ ಮಾತು ಯಾರದು, ಯಾರ ಮೂಲಕ ಬಂತು, ಎಲ್ಲಿಂದ ಹೊರಟಿತು, ಯಾರನ್ನು ಮುಟ್ಟಬೇಕು ಎಂಬ ನಾಲ್ಕು ಅಂಶಗಳೂ ಬಂದಿವೆ. ದೊರೆಯ ವಂಶವಿಲ್ಲ, ದಿಗ್ವಿಜಯಗಳಿಲ್ಲ, ಬಿರುದುಗಳ ಸಾಲಿಲ್ಲ. ಮುಂದಿನ ಕಾಲದ ಶಾಸನಗಳ ವಂಶಾವಳಿಗಳನ್ನು ಬಲ್ಲವರಿಗೆ ಈ ಮಿತಭಾಷಿತ್ವ ಆಶ್ಚರ್ಯಕರವಾಗಿ ಕಾಣುತ್ತದೆ.

ಅನಂತರ ದೊರೆ ತನ್ನ ಜೀವನದ ಒಂದು ಸಂಗತಿಯನ್ನು ಹೇಳಿಕೊಳ್ಳುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮಿಕ್ಕಿದೆ, ಆದರೆ ಒಂದು ವರ್ಷ ತಾನು ಸಾಕಷ್ಟು ಶ್ರಮಿಸಲಿಲ್ಲ, ಸಂಘದ ಸಂಪರ್ಕ ಹೊಂದಿ ಒಂದು ವರ್ಷಕ್ಕೆ ಮಿಕ್ಕಿದ ಕಾಲದಿಂದ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎಂಬುದು ಅದರ ತಾತ್ಪರ್ಯ. ಚಕ್ರವರ್ತಿಯೊಬ್ಬ ತನ್ನ ಅಲಸ್ಯವನ್ನು ಬಂಡೆಯ ಮೇಲೆ ಕೆತ್ತಿಸಿರುವುದು ವಿಶೇಷವೇ ಸರಿ. ಆದರೆ ಅದಕ್ಕಿಂತ ಮುಖ್ಯವಾದುದು ಈ ಸಂಗತಿಗೂ ಶಾಸನದ ವಿಷಯಕ್ಕೂ ಇರುವ ಸಂಬಂಧ. ಶ್ರಮಿಸಿದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಸ್ವರ್ಗವನ್ನು ಪಡೆಯಬಹುದೆಂಬುದು ಇಲ್ಲಿನ ಉಪದೇಶ. ಶ್ರಮದ ಫಲವನ್ನು ಹೇಳುವವನು ಶ್ರಮಿಸದೆ ಇದ್ದ ವರ್ಷವನ್ನೂ ಹೇಳಿದ್ದಾನೆ. ಆತನ ಜೀವನದಲ್ಲಿ ಹೇಳಬಹುದಾಗಿದ್ದ ನೂರು ಸಂಗತಿಗಳಲ್ಲಿ ಮಾತಿಗೆ ಆಧಾರವಾಗಿ ನಿಲ್ಲುವ ಒಂದನ್ನು ಮಾತ್ರ ಆರಿಸಿರುವುದು ಕಂಡುಬರುತ್ತದೆ. ಜೀವನವೃತ್ತಾಂತ ಕೃತಿಗೆ ಸಲ್ಲಬೇಕಾದ ರೀತಿ ಇದೇ ಎಂದು ನಮ್ಮ ಮತ.

ಶಾಸನದ ಕೊನೆಯಲ್ಲಿ ಮೂರನೆಯ ವ್ಯಕ್ತಿಯೊಬ್ಬ ಕಾಣಿಸಿಕೊಳ್ಳುತ್ತಾನೆ. ಬರೆದವನು ಚಪಡ, ಅವನ ವೃತ್ತಿ ಲಿಪಿಕಾರನದು. ಇಡೀ ಶಾಸನ ಬ್ರಾಹ್ಮೀ ಲಿಪಿಯಲ್ಲಿದ್ದರೆ ಅವನ ವೃತ್ತಿಯನ್ನು ಹೇಳುವ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠೀ ಲಿಪಿಯಲ್ಲಿದೆ. ಖರೋಷ್ಠೀ ವಾಯವ್ಯ ಭಾರತದ ಲಿಪಿ. ಅಶೋಕನ ಶಾಸನಗಳಲ್ಲಿ ಶಾಹಬಾಜ್‌ಗಢಿ ಮತ್ತು ಮಾನ್‌ಸೇಹ್ರಾಗಳಲ್ಲಿ ಅದರ ಬಳಕೆಯುಂಟು. ಚಪಡ ಆ ಕಡೆಯವನಾಗಿದ್ದನೋ, ಅಲ್ಲಿ ಸೇವೆ ಸಲ್ಲಿಸಿದ್ದನೋ, ಆ ಲಿಪಿಯ ಜ್ಞಾನವನ್ನು ಮಾತ್ರ ಪಡೆದಿದ್ದನೋ ಎಂದು ವಿದ್ವಾಂಸರು ಊಹಿಸುತ್ತಾರೆ. ಯಾವ ಊಹೆಯನ್ನು ಒಪ್ಪಿದರೂ ಒಂದು ಮಾತು ನಿಲ್ಲುತ್ತದೆ: ಅವನ ಪರಿಚಯ ಅವನ ಕೆಲಸದಲ್ಲಿಯೇ ಇದೆ. ತನ್ನ ವಿದ್ಯೆಯನ್ನು ಅವನು ವರ್ಣಿಸಲಿಲ್ಲ. ಒಂದು ಪದವನ್ನು ಬರೆದು ತೋರಿಸಿದ.

2

ಈ ಶಾಸನಗಳಲ್ಲಿ ಅಶೋಕ ಎಂಬ ಹೆಸರಿಲ್ಲ. ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ. ದೊರೆಯ ಸ್ವಂತ ಹೆಸರು ಶಾಸನವೊಂದರಲ್ಲಿ ಮೊದಲು ಓದಲ್ಪಟ್ಟುದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಅಷ್ಟು ಕಾಲ ಬ್ರಹ್ಮಗಿರಿಯ ಬಂಡೆಯನ್ನು ಸುತ್ತಲಿನ ಜನ ಅಕ್ಷರಗುಂಡು ಎಂದು ಕರೆದು, ಅದಕ್ಕೆ ರೋಗ ಕಳೆಯುವ ಶಕ್ತಿಯುಂಟೆಂದು ನಂಬಿದ್ದರು. ಓದುವವರಿಲ್ಲದೆ ಕರ್ತೃವಿನ ಹೆಸರೂ ವಿಷಯವೂ ಎರಡೂ ಮರೆತುಹೋಗಿ ಅಕ್ಷರದ ಮೇಲಣ ಭಕ್ತಿ ಮಾತ್ರ ಉಳಿದುದಕ್ಕೆ ಇದು ನಿದರ್ಶನ. ಪರಿಚಯವೇ ಬೇಡವೆನ್ನುವವರು ಇದನ್ನು ಗಮನಿಸಬೇಕು. ಎಲ್ಲ ಸಂಬಂಧಗಳನ್ನೂ ಕಳೆದುಕೊಂಡ ಬರೆಹ ಶುದ್ಧ ಕಾವ್ಯವಾಗುವುದಿಲ್ಲ. ಕೆಲವೊಮ್ಮೆ ಕೇವಲ ಗುಂಡಾಗುತ್ತದೆ.

ಹಾಗಾದರೆ ಭಾವಚಿತ್ರದ ಗತಿಯೇನು? ಇದಕ್ಕೂ ಅಶೋಕನ ಉದಾಹರಣೆಯೇ ಒದಗುತ್ತದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಆರಂಭವಾದ ಉತ್ಖನನದಲ್ಲಿ ದೊರೆತ ಶಿಲಾಫಲಕವೊಂದರಲ್ಲಿ ರಾಜ, ರಾಣಿ, ಪರಿಚಾರಿಕೆಯರ ರೂಪಗಳಿವೆ. ಇವನು ಅಶೋಕರಾಜನೆಂದು ಬ್ರಾಹ್ಮೀ ಅಕ್ಷರಗಳಲ್ಲಿ ಬರೆದಿದೆ. ಚಿತ್ರವೂ ಹೆಸರೂ ಒಟ್ಟಿಗೆ ಇರುವುದರಿಂದ ಇದು ಇಂದಿನ ರಕ್ಷಾಪುಟದ ಪೂರ್ವಜನೆಂದರೆ ತಪ್ಪಾಗದು. ಆದರೆ ಈ ಶಿಲ್ಪ ಅಶೋಕನ ಕಾಲದ್ದಲ್ಲ, ಬಹುಕಾಲದ ಅನಂತರದ್ದು. ಶಿಲ್ಪಿ ದೊರೆಯನ್ನು ಕಂಡವನಲ್ಲ. ಹೆಸರನ್ನು ಅಳಿಸಿದರೆ ಇದು ಯಾವ ರಾಜನ ರೂಪವಾದರೂ ಆಗಬಹುದು. ಆ ಕಾಲದ ಬೌದ್ಧರು ಅಶೋಕನನ್ನು ಹೇಗೆ ನೆನೆದರೆಂಬುದಕ್ಕೆ ಈ ಫಲಕ ಅಮೂಲ್ಯವಾದ ಸಾಕ್ಷಿ. ಅಶೋಕನ ಮುಖಕ್ಕೆ ಸಾಕ್ಷಿಯಲ್ಲ.

ಈ ಭೇದವನ್ನು ನಮ್ಮ ಪಠ್ಯಪುಸ್ತಕಗಳು ಮರೆಯುತ್ತವೆ. ಕುಮಾರವ್ಯಾಸನದೆಂದು ಪ್ರಚಾರದಲ್ಲಿರುವ ಚಿತ್ರಗಳೆಲ್ಲ ಇತ್ತೀಚಿನ ಚಿತ್ರಕಾರರ ಕಲ್ಪನೆ. ಗದುಗಿನ ವೀರನಾರಾಯಣ ದೇವಾಲಯದ ಕಂಬ, ಒದ್ದೆಬಟ್ಟೆ ಆರುವವರೆಗೆ ಕಾವ್ಯ ಹೊರಹೊಮ್ಮುತ್ತಿತ್ತೆಂಬ ಐತಿಹ್ಯ ಇವುಗಳಿಂದ ಅವು ರೂಪುಗೊಂಡಿವೆ. ಕಲ್ಪನೆ ತಪ್ಪಲ್ಲ. ಆದರೆ ಇಪ್ಪತ್ತನೆಯ ಶತಮಾನದ ಕವಿಯ ಛಾಯಾಚಿತ್ರವನ್ನು ಅಚ್ಚಿಸಿದ ರೀತಿಯಲ್ಲಿಯೇ ಅದನ್ನೂ ಅಚ್ಚಿಸಿದರೆ, ವಿದ್ಯಾರ್ಥಿಗೆ ಸಾಕ್ಷ್ಯಕ್ಕೂ ಐತಿಹ್ಯಕ್ಕೂ ಇರುವ ವ್ಯತ್ಯಾಸ ಅಳಿಸಿಹೋಗುತ್ತದೆ. ಚಿತ್ರದ ಕೆಳಗೆ ಕಾಲ್ಪನಿಕವೆಂಬ ಒಂದು ಪದವನ್ನು ಸೇರಿಸಿದರೆ ಈ ದೋಷ ಪರಿಹಾರವಾಗುತ್ತದೆ.

3

ಶಿಲೆಯಿಂದ ಕಾವ್ಯಕ್ಕೆ ಬಂದರೆ, ಕನ್ನಡದ ಪ್ರಾಚೀನ ಕವಿಗಳು ತಮ್ಮ ಪರಿಚಯವನ್ನು ಕಾವ್ಯದೊಳಗೇ ಮಾಡಿಕೊಂಡಿದ್ದಾರೆ. ಪಂಪ ತನ್ನ ವಂಶವನ್ನೂ ಆಶ್ರಯದಾತನನ್ನೂ ಹೇಳಿದ್ದಲ್ಲದೆ, ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿದ. ಆದುದರಿಂದ ಪಂಪಭಾರತವನ್ನು ಓದುವಾಗ ಅರಿಕೇಸರಿಯ ವಿಚಾರ ಅಪ್ರಸ್ತುತವಾಗುವುದಿಲ್ಲ. ಕವಿಯೇ ಅದನ್ನು ಕಾವ್ಯದ ಅಂಗವನ್ನಾಗಿ ಮಾಡಿದ್ದಾನೆ. ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಾಯಿಯ ಹೆಸರು ಅಬ್ಬಣಬ್ಬೆ ಎಂದು ತಿಳಿಯಿತು. ಚರಿತ್ರೆಗೆ ಇದು ಲಾಭ. ಆದರೆ ಅದನ್ನು ತಿಳಿಯದೆ ಓದಿದ ತಲೆಮಾರುಗಳಿಗೆ ಕರ್ಣನ ಪಾತ್ರದ ಮಹತ್ತ್ವ ಕಿಂಚಿತ್ತೂ ಕಡಮೆಯಾಗಿರಲಿಲ್ಲ. ಆರ್. ನರಸಿಂಹಾಚಾರ್ಯರು 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ಹೊರತಂದ 'ಕರ್ಣಾಟಕ ಕವಿಚರಿತೆ'ಗೆ ನಾವೆಲ್ಲ ಋಣಿಗಳು. ಕವಿಯ ಕಾಲವನ್ನು ನಿರ್ಣಯಿಸುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಆ ಸಾಧನವನ್ನೇ ನಾವು ಗುರಿಯೆಂದು ಭಾವಿಸಿದರೆ ಅಪರಾಧ ಆಚಾರ್ಯರದಲ್ಲ.

ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮ ಇನ್ನೊಂದು ಸೂಕ್ಷ್ಮವನ್ನು ತಿಳಿಸುತ್ತದೆ. ನಮ್ಮಲ್ಲಿ ಹೆಸರಿನ ಹಿಂದಿನ ಅಕ್ಷರಗಳೇ ಅತ್ಯಂತ ಚಿಕ್ಕ ಜೀವನವೃತ್ತಾಂತ. ಟಿ. ಎಸ್. ವೆಂಕಣ್ಣಯ್ಯನವರ ಮೊದಲಕ್ಷರ ತಳುಕನ್ನೂ ಎರಡನೆಯದು ತಂದೆ ಸುಬ್ಬಣ್ಣನವರನ್ನೂ ಸೂಚಿಸುತ್ತದೆ. ಅವರ ಮನೆತನದ ಕಾದಂಬರಿಕಾರ ತ. ರಾ. ಸುಬ್ಬರಾಯರು 1920ರಲ್ಲಿ ಮಲೆಬೆನ್ನೂರಿನಲ್ಲಿ ಹುಟ್ಟಿದರೂ ಹೆಸರಿನಲ್ಲಿ ತಳುಕನ್ನೇ ಹೊತ್ತರು. ಪರಿಚಯವೆಂದರೆ ಜನನದಾಖಲೆಯ ನಕಲಲ್ಲ, ಲೇಖಕನು ತಾನು ಎಲ್ಲಿಗೆ ಸೇರಿದವನೆಂದು ಹೇಳಿಕೊಳ್ಳುವ ಮಾತು ಎಂಬುದು ಇದರಿಂದ ತಿಳಿಯುತ್ತದೆ.

ವೆಂಕಣ್ಣಯ್ಯನವರ ವಿಷಯದಲ್ಲಿ ಮತ್ತೊಂದು ಸಂಗತಿ ಉಂಟು. ಅವರು 1939ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಬರೆಹದ ಪ್ರಮಾಣ ಅವರ ವಿದ್ವತ್ತಿಗೆ ಹೋಲಿಸಿದರೆ ಸ್ವಲ್ಪವೇ. ಆದರೆ ಕುವೆಂಪು 'ಶ್ರೀರಾಮಾಯಣದರ್ಶನಂ' ಮಹಾಕಾವ್ಯವನ್ನು ಈ ಗುರುವಿಗೆ ಅರ್ಪಿಸಿದರು. ರಕ್ಷಾಪುಟದಲ್ಲಿ ಅಚ್ಚಿಸಬಹುದಾದ ಯಾವ ಪಟ್ಟಿಯೂ ಅಧ್ಯಾಪಕನೊಬ್ಬನ ಸಾಧನೆಯನ್ನು ಹೀಗೆ ಹೇಳಲಾರದು. ಗ್ರಂಥಗಳ ಸಂಖ್ಯೆಯಿಂದಲೂ ಪದವಿಗಳಿಂದಲೂ ವ್ಯಕ್ತಿಯನ್ನು ಅಳೆಯುವ ಇಂದಿನ ಪರಿಚಯಗಳ ಮಾದರಿಗೆ ಅವರಂಥವರು ಸಿಕ್ಕುವುದಿಲ್ಲ.

4

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಪ್ರಬಲವಾದ ವಾದವೊಂದನ್ನು ಎತ್ತಿಕೊಳ್ಳಬೇಕು. ಪ್ರಸಿದ್ಧರಿಗೆ ಪರಿಚಯ ಅನಾವಶ್ಯಕವಾಗಬಹುದು. ಹೆಸರೇ ದಾಖಲಾಗದೆ ಹೋದವರ ಪಾಡೇನು? ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ಕಂಠದಲ್ಲಿದ್ದ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು 'ಸಾವಿರದ ಸಿರಿಬೆಳಗು' ಎಂಬ ಸಂಕಲನದಲ್ಲಿ ಪ್ರಕಟಿಸಿದರು. ಜನಪದಗೀತೆಗೆ ಕರ್ತೃವಿಲ್ಲ, ಅದು ಸಮುದಾಯದ ಸೃಷ್ಟಿ ಎಂಬ ತತ್ತ್ವದ ನೆರಳಿನಲ್ಲಿ ಹಾಡಿದವರ ಹೆಸರನ್ನೇ ಕೊಡದ ಸಂಕಲನಗಳು ನಮ್ಮಲ್ಲಿ ಹಿಂದೆ ಎಷ್ಟೋ ಬಂದಿವೆ. ಸಂಗ್ರಾಹಕನ ಹೆಸರು ಮುಖಪುಟದಲ್ಲಿ, ಹಾಡುಗಾರ್ತಿ ಎಲ್ಲಿಯೂ ಇಲ್ಲ ಎಂಬ ಸ್ಥಿತಿ ಅದು. ಇದನ್ನು ತತ್ತ್ವವೆನ್ನುವುದಕ್ಕಿಂತ ಅನ್ಯಾಯವೆನ್ನುವುದು ಮೇಲು. ಸಾವಿರಾರು ಸಾಲುಗಳನ್ನು ನೆನಪಿನಲ್ಲಿಟ್ಟು, ಸಂದರ್ಭಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಹಾಡುವವಳು ಹಾಡಿನ ಕರ್ತೃವಲ್ಲದಿದ್ದರೂ ಆ ಪಾಠಕ್ಕೆ ಅವಳೇ ಹೊಣೆ. ಆಕೆ ಯಾರು, ಯಾವ ಹಟ್ಟಿಯವಳು, ಯಾರಿಂದ ಕಲಿತಳು, ಯಾವ ಹಬ್ಬದಲ್ಲಿ ಹಾಡುತ್ತಿದ್ದಳು ಎಂಬುದು ತಿಳಿಯದೆ ಹಾಡಿನ ಅರ್ಥವೇ ಪೂರ್ಣವಾಗದು.

ಅದೇ ತಾಲ್ಲೂಕಿನ ಬೆಳಗೆರೆಯ ಕವಯಿತ್ರಿ ಜಾನಕಮ್ಮನವರ ಸ್ಥಿತಿ ಬೇರೆ. ಅಲ್ಪಾಯುಷಿಯಾದ ಅವರನ್ನು ಕುರಿತು ಬರೆಯುವವರು ಆ ಅಲ್ಪಾಯುಷ್ಯವನ್ನೇ ಮುಂದಿಟ್ಟು, ಕನಿಕರದಿಂದ ಕವಿತೆಗಳ ಬಳಿಗೆ ಬರುವುದುಂಟು. ಹೆಸರು ಉಳಿಯಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಕನಿಕರ ಕವಿಗೆ ಸಲ್ಲತಕ್ಕ ಗೌರವವಲ್ಲ. ಅವರ ಕವಿತೆಗಳನ್ನು ಅವರ ಕಾಲದ ಉಳಿದ ಕವಿಗಳಿಗೆ ಅನ್ವಯಿಸುವ ಅಳತೆಯಿಂದಲೇ ಅಳೆಯುವುದು ನಿಜವಾದ ಮನ್ನಣೆ. ಸಿರಿಯಜ್ಜಿಗೆ ಪರಿಚಯ ದೊರೆತುದರಿಂದ ನ್ಯಾಯವಾಯಿತು. ಜಾನಕಮ್ಮನವರಂಥ ಕವಿಗಳಿಗೆ ಪರಿಚಯ ಕವಿತೆಯನ್ನು ಮೀರಿ ನಿಂತಲ್ಲಿ ಅನ್ಯಾಯವಾಗುತ್ತದೆ.

5

ಈ ನಿದರ್ಶನಗಳಿಂದ ನಾವು ತಲಪುವ ನಿರ್ಣಯವನ್ನು ಸಂಕ್ಷೇಪವಾಗಿ ಹೇಳಬಹುದು. ಪರಿಚಯದ ಧರ್ಮ ಕರ್ತೃವನ್ನು ಮೆರೆಸುವುದಲ್ಲ, ಮಾತಿಗೆ ಹೊಣೆಗಾರನನ್ನು ತೋರಿಸುವುದು. ಮಾತು ಯಾರದು, ಯಾವ ನೆಲೆಯಿಂದ ಬಂತು, ಯಾರ ಕೈಯಿಂದ ಬಂತು, ಹೇಳುವ ಅಧಿಕಾರ ಅವನಿಗೆ ಯಾವುದರಿಂದ ದೊರೆಯಿತು ಎಂಬುದನ್ನು ತಿಳಿಸುವ ಎರಡು ವಾಕ್ಯ, ಪ್ರಶಸ್ತಿಗಳ ಪುಟಕ್ಕಿಂತ ಹೆಚ್ಚು ಉಪಯುಕ್ತ. ಜೀವನದ ಯಾವ ಸಂಗತಿಯನ್ನು ಸೇರಿಸಬೇಕೆಂಬುದನ್ನು ಕೃತಿಯೇ ನಿರ್ಣಯಿಸಬೇಕು. ಭಾವಚಿತ್ರ ನೆನಪಿಗೆ ಸಲ್ಲುತ್ತದೆ, ಪ್ರಮಾಣಕ್ಕೆ ಸಲ್ಲದು. ಕಾಲ್ಪನಿಕ ಚಿತ್ರವನ್ನು ಕಾಲ್ಪನಿಕವೆಂದು ಹೇಳದೆ ಅಚ್ಚಿಸಕೂಡದು.

ತರಗತಿಯಲ್ಲಿ ಇದನ್ನು ಆಚರಣೆಗೆ ತರುವುದು ಕಷ್ಟವಲ್ಲ. ಪದ್ಯವನ್ನು ಮೊದಲು ಹೆಸರಿಲ್ಲದೆ ಓದಿಸಿ, ಅದರಿಂದ ಏಳುವ ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಂದಲೇ ಹೊರಡಿಸಿ, ಆ ಪ್ರಶ್ನೆಗಳಿಗೆ ಉತ್ತರವಾಗುವಷ್ಟು ಮಾತ್ರ ಕವಿಪರಿಚಯವನ್ನು ಬಳಿಕ ಹೇಳಬಹುದು. ಪರೀಕ್ಷೆಯಲ್ಲಿ ಕವಿಪರಿಚಯಕ್ಕೆ ಪ್ರತ್ಯೇಕವಾಗಿ ಅಂಕ ಕೊಡುವುದನ್ನು ಬಿಡಬಹುದು. ಬ್ರಹ್ಮಗಿರಿಯ ಎರಡನೆಯ ಶಾಸನದಲ್ಲಿ ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ವಿಧಿಗಳು ಒಟ್ಟಿಗೆ ಬಂದಿವೆ. ಎರಡನೆಯದನ್ನು ವಿದ್ಯಾರ್ಥಿಗಳಿಂದ ನಿರೀಕ್ಷಿಸುವ ನಾವು, ಕವಿಯ ವಿಷಯದಲ್ಲಿ ಅವರಿಗೆ ಹೇಳುವ ಮಾತುಗಳಲ್ಲಿ ಮೊದಲನೆಯದನ್ನು ಪಾಲಿಸಬೇಕಾಗಿದೆ.